ಅಕ್ಕ ತಿದ್ದಿದ ಸಾಲು

“ಸ್ವಲ್ಪ ಮೇಲೆತ್ತಿ, ಗೋಡೆಗೆ ತಾಗುತ್ತೆ,” ಎನ್ನುತ್ತ ತಮ್ಮ, ಮೆಟ್ಟಿಲ ತಿರುವಿನಲ್ಲಿ ಅಕ್ಕನ ಶವಪೆಟ್ಟಿಗೆಯನ್ನು ಓರೆ ಮಾಡಿದ. ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವನು. ಈ ಕಟ್ಟಡದ ಲಿಫ್ಟಿನಲ್ಲಿ ಪೆಟ್ಟಿಗೆ ಹಿಡಿಸದು ಎಂದು ನೋಡಿದೊಡನೆ ಗೊತ್ತಾಗಿತ್ತು. ಅಕ್ಕನ ಮನೆ ನಾಲ್ಕನೆಯ ಮಹಡಿ. ಹನ್ನೊಂದು ವರ್ಷದಿಂದ ಅವನು ಈ ಮೆಟ್ಟಿಲು ಹತ್ತಿರಲಿಲ್ಲ.

ಕೆಳಗೆ ವ್ಯಾನು ಇನ್ನೂ ಬಂದಿರಲಿಲ್ಲ. ಪೆಟ್ಟಿಗೆಯನ್ನು ಬೆಂಚುಗಳ ಮೇಲಿಟ್ಟು ಹೊತ್ತವರೆಲ್ಲ ಬೆವರು ಒರೆಸಿಕೊಂಡರು. ಅಕ್ಕ ನಿವೃತ್ತಳಾದ ಮೇಲೆ ಅವಳ ಜಾಗಕ್ಕೆ ಬಂದ ಇಂಗ್ಲಿಷ್ ಟೀಚರು ಅವನ ಪಕ್ಕ ಕುಳಿತರು.

“ನೀವು ಬರ್ತೀರೋ ಇಲ್ವೋ ಅಂದ್ಕೊಂಡಿದ್ವಿ.”

“ಅಕ್ಕ ಒಂದು ಮಾತು ಬರೆದಿದ್ರೆ ಯಾವತ್ತೋ ಬರ್ತಿದ್ದೆ.”

“ನಿಮ್ಮ ಕಾಗದಕ್ಕೆ ಉತ್ತರ ಬರೆದಿದ್ದೀನಿ ಅಂತ ಮೇಡಂ ಹೇಳ್ತಿದ್ರಲ್ಲ?”

“ಎಲ್ಲಿಯ ಉತ್ತರ. ಕೆಂಪು ಇಂಕು ಬಂತು, ಅಷ್ಟೇ.”

*

ಅಮ್ಮ ತೀರಿಕೊಂಡಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹತ್ತೊಂಬತ್ತು. ತನ್ನ ಮದುವೆಯ ಮಾತನ್ನು ಮೂಲೆಗೆ ತಳ್ಳಿ ಅವನನ್ನು ಸಾಕಿದಳು. ಆದರೆ ಇಂಗ್ಲಿಷ್ ಟೀಚರಾದ ಅವಳ ತಮ್ಮನ ತಲೆಗೆ ಇಂಗ್ಲಿಷ್ ಹತ್ತಲಿಲ್ಲ. ಓದು ಬಿಟ್ಟು ಸ್ಪ್ಯಾನರ್ ಹಿಡಿದ. ಆ ಕೊರಗು ಅವಳನ್ನು ಬಿಡಲೇ ಇಲ್ಲ. ಒಂದು ದಿನ ಅಕ್ಕ ಅವನ ಹೆಂಡತಿ ಮತ್ತು ಮಗಳ ಎದುರೇ, “ಓದಿದ್ರೆ ಇವನೂ ಮನುಷ್ಯ ಆಗ್ತಿದ್ದ,” ಎಂದಳು.

“ನೀನೇನು ನನ್ನ ಹೆತ್ತಿದ್ದೀಯಾ?” ಎಂದುಬಿಟ್ಟ.

ಆಡಿದ ಮಾತು ಅವನನ್ನೇ ಕೊರೆಯತೊಡಗಿತು. ಅವಳಿಗೆ ಖುಷಿಯಾಗಲೆಂದು ಮೂರು ಭಾನುವಾರ ಡಿಕ್ಷನರಿ ಮುಂದಿಟ್ಟುಕೊಂಡು ಇಂಗ್ಲಿಷಿನಲ್ಲೇ ಕ್ಷಮೆ ಕೇಳಿ ಕಾಗದ ಬರೆದ. ಕೊನೆಯ ಸಾಲು, ‘ಯು ಹ್ಯಾಡ್ ಬೀನ್ ಎ ಮದರ್ ಟು ಮಿ.’

ಅದೇ ಕಾಗದ ವಾಪಸ್ ಬಂತು. ‘ಹ್ಯಾಡ್’ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ‘ಹ್ಯಾವ್’. ಬೇರೆ ಒಂದಕ್ಷರವಿಲ್ಲ. ಕಾಲು ಹಿಡಿಯಲು ಹೋದವನಿಗೆ ಪಾಠ ಒಪ್ಪಿಸು ಅಂದಳಲ್ಲ ಎಂದು ಮೈ ಉರಿದುಹೋಯಿತು.

*

ಅವನು ಹೇಳಿದ್ದನ್ನೆಲ್ಲ ಕೇಳಿದ ಟೀಚರು ಅವನತ್ತ ತಿರುಗಿದರು. “ಕಾಗದದಲ್ಲಿ ಬೇರೆ ತಪ್ಪು ಇರ್ಲಿಲ್ವಾ?”

“ಇರ್ದೆ ಏನು. ಸ್ಪೆಲ್ಲಿಂಗೇ ಎಂಟೋ ಹತ್ತೋ. ಆಮೇಲೆ ಮಗಳು ತೋರಿಸಿದ್ಲು.”

“ಅವನ್ನೂ ಮೇಡಂ ತಿದ್ದಿದ್ರಾ?”

“ಇಲ್ಲ.”

“ನೋಡಿ, ‘ನೀನು ನನಗೆ ತಾಯಿಯಾಗಿದ್ದೆ’ ಅಂತ ನೀವು ಬರೆದ್ರಿ. ಹ್ಯಾಡ್ ಅಂದ್ರೆ ಅದು ಆಗಿ ಮುಗಿದುಹೋದ ಕತೆ. ಮೇಡಂ ಅದನ್ನ ‘ತಾಯಿಯಾಗಿದ್ದೀಯ’ ಅಂತ ಮಾಡಿದ್ರು. ಇವತ್ತಿಗೂ ಹೌದು ಅಂತ.” ಅವರ ದನಿ ತಗ್ಗಿತು. “ಅದನ್ನ ಓದಿ ತಮ್ಮ ಬರ್ತಾನೆ ಅಂತ ಕಾಯ್ತಿದ್ರು.”

ಅವನು ಉಗುರಿನ ಸಂದಿಯ ಗ್ರೀಸನ್ನು ಕೆರೆಯುತ್ತ ಕುಳಿತ. ವ್ಯಾನು ಬಂದಾಗ ಎಲ್ಲರ ಜೊತೆ ಪೆಟ್ಟಿಗೆಯನ್ನು ಒಳಗಿಟ್ಟು, ಅದರ ಪಕ್ಕ ತಾನೂ ಹತ್ತಿದ.

“ಮುಂದಿನ ಸೀಟಲ್ಲಿ ಕೂತ್ಕೊಳ್ಳಿ, ಹಿಂದೆ ತುಂಬಾ ಕುಲುಕುತ್ತೆ,” ಎಂದ ಡ್ರೈವರ್.

“ಪರ್ವಾಗಿಲ್ಲ, ಇಲ್ಲೇ ಇರ್ತೀನಿ.”

ವ್ಯಾನು ಹೊರಟಿತು. ರಸ್ತೆಯ ತುಂಬ ಹಳ್ಳ. ಅವನು ನೆಲದ ಮೇಲೆ ಮಂಡಿಯೂರಿ, ಪೆಟ್ಟಿಗೆಯ ತಲೆಭಾಗ ಅಲುಗಾಡದಂತೆ ದಾರಿಯುದ್ದಕ್ಕೂ ಎರಡೂ ಕೈಯಿಂದ ತಬ್ಬಿ ಹಿಡಿದಿದ್ದ.