ಪಾರ್ವತೆಮ್ಮ ಎಲ್ಲಿಗೂ ಹೊರಟಿಲ್ಲ

ಬಳಗಾನೂರಿನ ಪಾರ್ವತೆಮ್ಮ ಹತ್ತಿದರೆ ಆಟೋದ ಮುಂದಿನ ಗಾಲಿ ಮೊಳದಷ್ಟು ಮೇಲೇಳುತ್ತದೆ ಎಂದು ಊರವರು ಹೇಳುತ್ತಿದ್ದರು. ಸುಳ್ಳು. ಒಂದು ಗೇಣು ಏಳುತ್ತಿತ್ತು, ಅಷ್ಟೇ.

ಅವಳೇನೂ ಹುಟ್ಟುತ್ತಲೇ ದಪ್ಪ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ತಲೆಯ ಮೇಲೆ ಬುತ್ತಿ ಹೊತ್ತು ಕಾಲುವೆ ದಂಡೆ ಹಿಡಿದು ಗದ್ದೆಗೆ ಹೊರಟರೆ ಸೈಕಲ್ಲಿನವರೂ ಅವಳನ್ನು ಹಿಂದೆ ಹಾಕಲು ಬೆವರಬೇಕಿತ್ತು. ಆಮೇಲೆ ಗಂಡ ಸೂಗಪ್ಪ ಬೀಜ ಗೊಬ್ಬರದ ಅಂಗಡಿ ಹಾಕಿದ. ಗದ್ದೆ ಗುತ್ತಿಗೆಗೆ ಹೋಯಿತು, ಬುತ್ತಿ ನಿಂತಿತು. ಮನೆಯೊಳಗೆ ನಲ್ಲಿ ಬಂತು, ಅಂಗಳಕ್ಕೆ ಗಾಡಿ ಬಂತು. ನಡೆಯುವುದೆಲ್ಲ ಕಡಿಮೆಯಾಯಿತು, ಅನ್ನ ಮಾತ್ರ ಮೂರು ಹೊತ್ತೂ ಹಾಗೇ ಉಳಿಯಿತು. ಮುಂಜಾನೆ ಮಂಡಕ್ಕಿ ಒಗ್ಗರಣೆ ಮತ್ತು ಮಿರ್ಚಿ ಬಜ್ಜಿ ಬೇರೆ. ನಲವತ್ತಾರು ತುಂಬುವಷ್ಟರಲ್ಲಿ ಮಾಳಿಗೆಯ ಮೆಟ್ಟಿಲು ಹತ್ತಬೇಕೆಂದರೆ ನಡುವೆ ಎರಡು ಸಲ ಕುಳಿತು ದಣಿವಾರಿಸಿಕೊಳ್ಳಬೇಕಾಯಿತು.

ಒಂದು ದಿನ ಶಾಲೆಯ ಅಂಗಳದಲ್ಲಿ ಆರೋಗ್ಯ ತಪಾಸಣೆ ಇಟ್ಟಿದ್ದರು. ಆಶಾ ಕಾರ್ಯಕರ್ತೆ ದುರ್ಗಾದೇವಿ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು.

"ಎಂಬತ್ನಾಕು ಕಿಲೋ ರೀ ಅಕ್ಕಾರ."

"ನಿನ್ನ ಕಾಟಾ ಕೆಟ್ಟೈತಿ ಬೇ. ಸೀರಿ ತೂಕ ತಗದು ಹೇಳು."

"ಸೀರಿ ತಗದ್ರೂ ಸಕ್ಕರಿ ಎಲ್ಲಿ ಹೊಕ್ಕತಿ? ರಕ್ತದಾಗ ಇನ್ನೂರ ನಲವತ್ತು ಐತಿ. ಡಾಕ್ಟರು ಗುಳಿಗಿ ಬರದು ಕೊಡ್ತಾರ, ತಪ್ಪಸಬ್ಯಾಡ್ರಿ. ಆದ್ರ ನಡಿಯೂದು ನೀವ ನಡೀಬೇಕು."

"ಮುಂಜಾನಿಂದ ಸಂಜಿತನಕ ಮನಿಯಾಗ ತಿರಗತೀನಲ್ಲ, ಅದೇನು ಕುಂತದ್ದೇನು?"

"ಅದು ನಾಕು ಹೆಜ್ಜಿ ಇಟ್ಟು ನಿಲ್ಲೂದ್ರಿ. ಇದು ಹಂಗಲ್ಲ. ನಡಕೋಂತ ಮಾತಾಡಾಕ ಬರಬೇಕು, ಹಾಡಾಕ ಬರಬಾರ್ದು, ಅಷ್ಟು ಜೋರ ನಡೀಬೇಕು. ಮೊದಲ ಹತ್ತು ನಿಮಿಷ. ಆಮ್ಯಾಲೆ ಅರ್ಧ ತಾಸು. ವಾರದಾಗ ಐದು ದಿನಾರ ಆಗಬೇಕು. ಎದಿ ಹಿಡದ್ರ, ತಲಿ ತಿರಗಿದ್ರ ಅಲ್ಲೇ ನಿಂದ್ರಿ, ದವಾಖಾನಿಗಿ ಬರ್ರಿ. ಮತ್ತ ತಾಟಿನಾಗ ಅನ್ನ ಅರ್ಧ ಮಾಡಿ ಕಾಯಿಪಲ್ಯ ಹಾಕ್ಕೋರಿ."

"ಮಿರ್ಚಿ?"

"ಅದರ ಹೆಸರ ತಗೀಬ್ಯಾಡ್ರಿ."

ಮರುದಿನವೇ ಪಾರ್ವತೆಮ್ಮ ಕಾಲುವೆ ರಸ್ತೆಗೆ ಇಳಿದಳು. ನಡೆಯುವುದು ಕಷ್ಟ ಆಗಲಿಲ್ಲ. ಕಷ್ಟ ಆದದ್ದು ಬೇರೆ. ನಮ್ಮ ಕಡೆ ಎದುರಿಗೆ ಬಂದವರು ನಮಸ್ಕಾರ ಅನ್ನುವುದಿಲ್ಲ, "ಎಲ್ಲಿಗ್ರಿ?" ಅನ್ನುತ್ತಾರೆ. ಅದಕ್ಕೆ ಉತ್ತರ ಬೇಕು. ಗುಡಿಗೆ ಅನ್ನಬಹುದು, ಗಿರಣಿಗೆ ಅನ್ನಬಹುದು, ಯಾರೋ ಸತ್ತ ಮನೆಗೆ ಅನ್ನಬಹುದು. ಎಲ್ಲಿಗೂ ಇಲ್ಲ, ಸುಮ್ಮನೆ ನಡೆಯುತ್ತಿದ್ದೇನೆ ಎಂದು ಒಬ್ಬ ಸಾಹುಕಾರನ ಹೆಂಡತಿ ಹೇಳಿದರೆ ತಲೆ ಕೆಟ್ಟಿದೆ ಎಂದೇ ಅರ್ಥ.

ಹಾಗಾಗಿ ಅವಳು ಸುಳ್ಳು ಹೇಳಿದಳು. ಮೊದಲ ದಿನ ಗುಡಿಗೆ ಎಂದಳು. ಎರಡನೆಯ ದಿನ ಗಿರಣಿಗೆ ಎಂದಳು, ಕೈಯಲ್ಲಿ ಹಿಟ್ಟಿನ ಡಬ್ಬಿಯೇ ಇರಲಿಲ್ಲ. ಮೂರನೆಯ ದಿನ ಹಾಲಿನ ಕ್ಯಾನು ಹೇರಿದ್ದ ದಾವಲ್‌ಸಾಬ್ ತನ್ನ ಟಂಟಂ ಆಟೋ ನಿಲ್ಲಿಸಿ ಕೇಳಿದ. ದೂರದ ಊರು ಹೇಳಿದರೆ ಬಿಟ್ಟು ಹೋಗುತ್ತಾನೆ ಎಂದುಕೊಂಡ ಪಾರ್ವತೆಮ್ಮ, "ಸಿಂಧನೂರಿಗಿ. ಚಿಗವ್ವಗ ಆರಾಮಿಲ್ಲ" ಎಂದಳು.

"ನಾನೂ ಅಲ್ಲಿಗೇ ಹೊಂಟೀನಿ. ಹತ್ರಿ ಅಕ್ಕಾರ. ನಿಮ್ಮಂತಾರು ನಡದು ಹ್ವಾದ್ರ ನನಗ ಪಾಪ ಬರತೈತಿ."

ಒಲ್ಲೆ ಎನ್ನಲು ದಾರಿ ಇರಲಿಲ್ಲ. ಹತ್ತು ನಿಮಿಷ ನಡೆಯಲು ಹೊರಟವಳು ಹಾಲಿನ ಕ್ಯಾನುಗಳ ನಡುವೆ ಕುಳಿತು ಸಿಂಧನೂರು ತಲುಪಿ, ಬಸ್ಸಿನಲ್ಲಿ ಊರಿಗೆ ಬಂದಳು. ಅವತ್ತು ಅವಳು ನಡೆದದ್ದು ಇಪ್ಪತ್ತೇ ಹೆಜ್ಜೆ. ಸಂಜೆ ಮೂರು ಮನೆಯವರು ಬಂದು ಚಿಗವ್ವ ಹೇಗಿದ್ದಾಳೆ ಎಂದು ವಿಚಾರಿಸಿದರು. ಆ ಚಿಗವ್ವ ತೀರಿಕೊಂಡು ಆರು ವರ್ಷವಾಗಿತ್ತು.

ಆದರೂ ಅವಳು ಬಿಡಲಿಲ್ಲ. ಎರಡು ತಿಂಗಳು ನಡೆದಳು. ಮೂರು ಕಿಲೋ ಇಳಿದಳು. ಸಕ್ಕರೆಯೂ ಇಳಿಯಿತು. ಕೂರದೆ ಮೆಟ್ಟಿಲು ಹತ್ತಿ ಮಾಳಿಗೆಯ ಮೇಲೆ ನಿಂತು, ಎಷ್ಟೋ ವರ್ಷದ ಮೇಲೆ ತಮ್ಮ ಗದ್ದೆಯ ಹಸಿರನ್ನು ನೋಡಿದಳು.

ಊರಿನ ಬಾಯಿ ಮಾತ್ರ ಸುಮ್ಮನಿರಲಿಲ್ಲ. ಪಕ್ಕದ ಮನೆಯ ಗ್ಯಾನಮ್ಮ ಬೀದಿ ನಲ್ಲಿಯ ಹತ್ತಿರ ಹೇಳಿದಳು: "ಮನಿಯಾಗ ಟೈಲ್ಸ್ ಹಾಕಿದ ಪಾಯಖಾನಿ ಐತಿ. ಈಕಿ ಇನ್ನೂ ನಸುಕಿನ್ಯಾಗ ಕಾಲುವಿ ಕಡಿ ಓಡ್ತಾಳ." ಅಂಗಡಿಗೆ ಬಂದ ಗಿರಾಕಿಯೊಬ್ಬ, "ಸಾವ್ಕಾರ್ರ, ಗಾಡಿ ಮಾರಿದ್ರೇನು? ಅಕ್ಕಾರು ನಡಕೋಂತ ಹೊಂಟಿದ್ರು" ಎಂದ. ಕುಳಿತವರೆಲ್ಲ ನಕ್ಕರು.

ಸೂಗಪ್ಪ ಊಟದ ಹೊತ್ತಿಗೆ ಮನೆಗೆ ಬಂದವನು ಚಪ್ಪಲಿಯನ್ನೂ ಬಿಡಲಿಲ್ಲ.

"ನಾಳಿಯಿಂದ ನಡಿಯೂದು ಬಂದ್."

"ಮೂರು ಕಿಲೋ ಇಳದೀನ್ರೀ."

"ನೀ ಮೂರು ಕಿಲೋ ಇಳದಿ, ನನ್ನ ಮರ್ಯಾದಿ ಮೂವತ್ತು ಕಿಲೋ ಇಳೀತು. ಅಷ್ಟು ನಡಿಯೂ ಚಟ ಇದ್ರ ಮನಿಯಾಗ ಕಸಾ ಹೊಡಿ."

ದುರ್ಗಾದೇವಿ ಅಂಗಡಿಗೇ ಹೋಗಿ ತಿಳಿಸಿ ಹೇಳಿದಳು. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಸೂಗಪ್ಪ ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ. "ನೀ ಕೂಸುಗಳಿಗಿ ಪೋಲಿಯೋ ಹನಿ ಹಾಕಾಕಿ. ಹನಿ ಹಾಕಿ ಹೋಗವಾ. ನಮ್ಮ ಮನಿ ಹೆಣ್ಮಕ್ಕಳ ಕಾಲಿನ ಉಸಾಬರಿ ನಿನಗ್ಯಾಕ?"

ಒಂದೂವರೆ ವರ್ಷ ಹೋಯಿತು. ಪಾರ್ವತೆಮ್ಮ ಮಂಚದಿಂದ ಟಿ.ವಿ., ಟಿ.ವಿ.ಯಿಂದ ಒಲೆ, ಇಷ್ಟೇ ದೂರ ನಡೆದಳು. ತೂಕ ತೊಂಬತ್ತೊಂದಕ್ಕೆ ಹೋಯಿತು. ಬೇಸರದಲ್ಲಿ ಮಿರ್ಚಿ ಮತ್ತೆ ಬಂತು, ಗುಳಿಗೆ ಒಂದು ದಿನ ಇದ್ದರೆ ಎರಡು ದಿನ ಇಲ್ಲ. ಅಂಗಾಲು ಜುಮುಜುಮು ಅನ್ನುತ್ತಿತ್ತು, ಆಮೇಲೆ ಅದೂ ನಿಂತಿತು. ನಿಂತಿತಲ್ಲ, ಗುಣವಾಯಿತು ಎಂದುಕೊಂಡಳು.

ಬೇಸಿಗೆಯ ಒಂದು ಸೋಮವಾರ ಬರಿಗಾಲಲ್ಲಿ ಗುಡಿ ಸುತ್ತಿದಳು. ಎಲ್ಲರೂ ಸುಡುವ ಕಲ್ಲಿನ ಮೇಲೆ ಕುಣಿದಾಡುತ್ತಿದ್ದರೆ ಇವಳು ನೆರಳಿನಲ್ಲಿ ನಡೆದಂತೆ ನಡೆದಳು. ಇವಳ ಭಕ್ತಿ ದೊಡ್ಡದು ಎಂದರು ಜನ. ಭಕ್ತಿ ಅಲ್ಲ, ಸಕ್ಕರೆಯಿಂದ ಅಂಗಾಲು ಸತ್ತಿತ್ತು. ಮನೆಗೆ ಬಂದಾಗ ಕಾಲಿನ ಕಿರುಬೆರಳಿನ ಬುಡದಲ್ಲಿ ಬೊಬ್ಬೆ. ನೋವಿಲ್ಲವಲ್ಲ ಎಂದು ಅರಿಶಿನ ಹಚ್ಚಿ ಸುಮ್ಮನಾದಳು. ಹತ್ತು ದಿನಕ್ಕೆ ಬೆರಳು ಕಪ್ಪಾಯಿತು. ರಾಯಚೂರಿನ ದವಾಖಾನೆಯಲ್ಲಿ ಆ ಬೆರಳು ತೆಗೆದರು.

ನೋಡಲು ಬಂದ ದುರ್ಗಾದೇವಿಯನ್ನು ಸೂಗಪ್ಪ ಹೊರಗೆ ಕರೆದು ಕೇಳಿದ: "ಖರೆ ಹೇಳವಾ. ಆಕಿ ನಡದಿದ್ರ ಬೆರಳು ಉಳೀತಿತ್ತೇನು?"

"ಗ್ಯಾರಂಟಿ ನಾ ಹ್ಯಾಂಗ ಹೇಳ್ಲಿ ಅಣ್ಣಾರ. ಸಕ್ಕರಿ ಇಳೀತಿತ್ತು, ತೂಕಾನೂ ಇಳೀತಿತ್ತು. ಅದು ನೀವ ಕಣ್ಣಾರೆ ನೋಡೀರಿ." ಆಮೇಲೆ ಹೇಳಿದಳು: "ನಿಮ್ಮದೂ ಒಮ್ಮೆ ನೋಡೂಣು ಬರ್ರಿ."

ಅವನದೂ ನೋಡಿದರು. ಸಕ್ಕರೆ ಅವನಿಗೂ ಇತ್ತು.

ಮರುವಾರದಿಂದ ಸೂಗಪ್ಪ ಬಿಳಿ ಬೂಟು ಹಾಕಿಕೊಂಡು ಕಾಲುವೆ ರಸ್ತೆಗೆ ಇಳಿದ. ಪಟ್ಟಿ ಕಟ್ಟಿದ ಕಾಲನ್ನು ಸ್ಟೂಲಿನ ಮೇಲೆ ಇಟ್ಟುಕೊಂಡು ಪಾರ್ವತೆಮ್ಮ ಕಿಟಕಿಯಲ್ಲಿ ಕೂರುತ್ತಿದ್ದಳು. ದಾವಲ್‌ಸಾಬ್ ಟಂಟಂ ನಿಲ್ಲಿಸದೆ, "ವಾಕಿಂಗೇನ್ರಿ ಸಾವ್ಕಾರ್ರ, ಚಲೋ ಆತು" ಎಂದು ಹೋದ. ಗ್ಯಾನಮ್ಮ ತನ್ನ ಗಂಡನಿಗೆ, "ನೋಡ್ರಿ ಅವರ್ನ, ಈ ವಯಸ್ಸಿನ್ಯಾಗ ಎಷ್ಟು ಶಿಸ್ತು" ಎಂದಳು. ಅಂಗಡಿಯಲ್ಲಿ ಯಾರೂ ಗಾಡಿ ಮಾರಿದಿರೇನು ಎಂದು ಕೇಳಲಿಲ್ಲ.

ಅವನು ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದ. "ನೀನೂ ನಡೀಬೇಕು ಪಾರ್ವತಿ. ಗಾಯ ಮಾಗಿದ ಮ್ಯಾಲೆ ನಾನ ಕರಕೊಂಡು ಹೊಕ್ಕೀನಿ. ನನಗ ಈಗ ಬುದ್ಧಿ ಬಂತು."

ಪಾರ್ವತೆಮ್ಮ ಅವನ ಬೂಟುಗಳನ್ನೇ ನೋಡಿದಳು.

"ಬಂತಲ್ಲ, ಚಲೋ ಆತು. ಬೆರಳು ನಂದು ಹೋತು, ಬುದ್ಧಿ ನಿಮಗ ಬಂತು."

ಅವನು ಕೂತು ಬೂಟು ಬಿಚ್ಚಿದ. ಅವಳು ಕಿಟಕಿಯ ಕಡೆ ತಿರುಗಿದಳು.

ಗಾಯ ಮಾಗಲು ನಾಲ್ಕು ತಿಂಗಳು ಬೇಕಾಯಿತು. ಡಾಕ್ಟರು ಒಪ್ಪಿದ ಮೇಲೆ, ಅವರು ಹೇಳಿದ ಮೆತ್ತನೆಯ ಚಪ್ಪಲಿ ಹಾಕಿಕೊಂಡು ಪಾರ್ವತೆಮ್ಮ ಮತ್ತೆ ಹೊರಬಿದ್ದಳು. ಹತ್ತೇ ನಿಮಿಷ, ಸ್ವಲ್ಪ ಕುಂಟುತ್ತ. ಸೂಗಪ್ಪ ಎರಡು ಹೆಜ್ಜೆ ಹಿಂದೆ. ಗ್ಯಾನಮ್ಮ ಬಾಗಿಲಲ್ಲಿ ನಿಂತು, "ಎಲ್ಲಿಗ್ರಿ ಅಕ್ಕಾರ?" ಎಂದಳು.

"ಎಲ್ಲಿಗೂ ಇಲ್ಲ. ನಡಿಯಾಕತ್ತೀನಿ. ನಿನ್ನ ನಡಾನೂ ಡೊಳ್ಳ ಆಗೈತಿ, ಬಾ."

ಗ್ಯಾನಮ್ಮ ಸೆರಗಿನಿಂದ ನಡು ಮುಚ್ಚಿಕೊಂಡಳು. ಮರುದಿನ ಬಂದಳು.

ಅಕ್ಕಂದಿರೇ, ಅಣ್ಣಂದಿರೇ, ನಲವತ್ತು ದಾಟಿದ ಮೇಲೆ ವರ್ಷಕ್ಕೊಮ್ಮೆಯಾದರೂ ತೂಕ, ಬಿ.ಪಿ., ಸಕ್ಕರೆ ನೋಡಿಸಿಕೊಳ್ಳಿ. ದಿನಾ ಅರ್ಧ ತಾಸು ಜೋರಾಗಿ ನಡೆಯಿರಿ, ತಾಟಿನಲ್ಲಿ ಅನ್ನ ಕಡಿಮೆ ಮಾಡಿ. ಗುಳಿಗೆ ಬಿಡಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಬರಿಗಾಲಲ್ಲಿ ಓಡಾಡಬೇಡಿ, ದಿನಾ ಅಂಗಾಲು ನೋಡಿಕೊಳ್ಳಿ, ನೋವಿಲ್ಲದ ಗಾಯವನ್ನೂ ಅವತ್ತೇ ದವಾಖಾನೆಗೆ ತೋರಿಸಿ. ಮನೆಯ ಹೆಣ್ಣುಮಗಳು ನಡೆಯಲು ಹೊರಟರೆ ಮರ್ಯಾದೆಯ ಮಾತು ತೆಗೆಯಬೇಡಿ, ಬಾಗಿಲು ತೆಗೆಯಿರಿ. ಇವತ್ತೇ ಹತ್ತು ನಿಮಿಷದಿಂದ ಶುರು ಮಾಡಿ. ಕಾಲಲ್ಲಿ ಹತ್ತು ಬೆರಳು ಇರುವಾಗಲೇ.