ಡ್ರೈವಿಂಗ್ ಮೇಷ್ಟ್ರ ಹೆಂಡತಿ ಜೋಡಿ ಕೋಲು ಹಿಡಿದದ್ದು

ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಡ್ರೈವಿಂಗ್ ಮೇಷ್ಟ್ರಿಗೆ ಸ್ವಂತ ಹೆಂಡತಿಯನ್ನು ನಡೆಸುವುದು ಮಾತ್ರ ದೊಡ್ಡ ತಲೆನೋವಾಗಿತ್ತು. ಆಕೆಗೆ ಹೃದಯದ ಆಪರೇಷನ್ ಆಗಿತ್ತು. ಡಾಕ್ಟರು ದಿನಾ ನಡೆಯಿರಿ ಅಂದರು, ಆಕೆ ಹೂಂ ಅಂದಳು, ಗೇಟಿನ ತನಕ ಹೋಗಿ ವಾಪಸು ಬಂದಳು. ಏದುಸಿರು ಬಂದರೆ ಸಾಕು, ತನ್ನ ಕಥೆ ಮುಗಿಯಿತು ಅಂತ ಗಾಬರಿ. ಮೇಷ್ಟ್ರಿಗೆ ಅದಕ್ಕಿಂತ ದೊಡ್ಡ ಗಾಬರಿ. ಇವಳು ಹೋಗಿಬಿಟ್ಟರೆ ನನ್ನ ಗತಿಯೇನು ಅಂತ ಯೋಚಿಸಿ ಯೋಚಿಸಿ ಮನುಷ್ಯ ಸೊರಗಿಹೋಗಿದ್ದರು.

ಆಸ್ಪತ್ರೆಯ ವ್ಯಾಯಾಮದ ಟೀಚರ್ ಒಂದು ಜೊತೆ ಕೋಲು ಕೊಟ್ಟಳು. "ಇದನ್ನ ಊರಿಕೊಂಡು ನಡೆದ್ರೆ ತೋಳು, ಭುಜ, ಬೆನ್ನು ಎಲ್ಲಕ್ಕೂ ಕೆಲಸ. ಮಂಡಿಗೆ ಭಾರ ಕಮ್ಮಿ, ಬೀಳೋ ಭಯಾನೂ ಕಮ್ಮಿ. ಹೃದಯಕ್ಕೆ ಬರೀ ನಡಿಗೆಗಿಂತ ಒಳ್ಳೇ ಕಸರತ್ತು. ಡಾಕ್ಟರನ್ನ ಕೇಳಿದ್ದೀನಿ."

"ಒಂದು ಕೋಲು ಹಿಡಿದ್ರೇನೇ ಮುದುಕಿ ಅಂತಾರೆ, ಎರಡು ಹಿಡಿದ್ರೆ ಏನಂತಾರೋ," ಅಂದಳು ಆಕೆ. ಆದರೂ ಹಿಡಿದಳು.

ಪಾರ್ಕಿನಲ್ಲಿ ಮೇಷ್ಟ್ರು ಸುಮ್ಮನಿರಬೇಕಲ್ಲ! ವಾರಗಟ್ಟಲೆ ಪಕ್ಕದಲ್ಲೇ ಅಂಟಿಕೊಂಡು, "ಎಡಗಾಲಿಗೆ ಬಲಗೈ. ಕೋಲು ಹಿಂದಕ್ಕೆ ಒತ್ತು. ಮುಂದೆ ನಾಯಿ ಇದೆ, ನಿಧಾನ," ಅಂತ ಒಂದೇ ಸಮನೆ ಕೊರೆದರು. ಒಂದು ಬೆಳಿಗ್ಗೆ ಆಕೆ ತಬ್ಬಿಬ್ಬಾಗಿ ಎಡಗಾಲಿಗೆ ಎಡಗೈ ಹಾಕಿದಳು. ಕೋಲು ಮೇಷ್ಟ್ರ ಕಾಲಿಗೆ ಸಿಕ್ಕಿಕೊಂಡು ಇಬ್ಬರೂ ದೊಪ್ಪನೆ ಹುಲ್ಲಿನ ಮೇಲೆ ಕೂತರು. ಆಕೆಗೆ ನಗು ತಡೆಯಲಾಗಲಿಲ್ಲ. ಆಪರೇಷನ್ ಆದಮೇಲೆ ಅಷ್ಟು ನಕ್ಕಿದ್ದು ಅದೇ ಮೊದಲು.

"ರೀ, ನಿಮ್ಮ ಹತ್ರ ಕಲಿಯೋರು ಒಬ್ಬರೇ ಗಾಡಿ ಓಡಿಸೋದು ಯಾವಾಗ?"

"ನಾನು ಕೆಳಗಿಳಿದ ಮೇಲೆ."

"ಹಾಗಾದ್ರೆ ಇಳೀರಿ."

ಮೇಷ್ಟ್ರು ಹೋಗಿ ಬೆಂಚಿನ ಮೇಲೆ ಕೂತರು. ಆಕೆ ಬೆನ್ನು ನೆಟ್ಟಗೆ ಮಾಡಿಕೊಂಡು, ಟಕ್ ಟಕ್ ಅಂತ ಕೋಲು ಊರುತ್ತಾ ಹೊರಟವಳು ಮರಗಳ ಹಿಂದೆ ಮರೆಯಾದಳು. ಮೇಷ್ಟ್ರ ಜೀವ ಬಾಯಿಗೆ ಬಂತು. ಎದ್ದರು, ಕೂತರು, ಮತ್ತೆ ಎದ್ದರು. ಅಯ್ಯೋ, ಬಿಟ್ಟಿದ್ದೇ ತಪ್ಪಾಯಿತಲ್ಲ ಅಂತ ತಮ್ಮನ್ನೇ ಬೈದುಕೊಂಡರು. ಓಡಿಹೋಗಿ ನೋಡೋಣವೆಂದರೆ ಹೆಂಡತಿ ಸಿಡಿಮಿಡಿ ಅನ್ನುತ್ತಾಳೆ.

ಅಷ್ಟರಲ್ಲಿ ಆಕೆ ಆಚೆ ಕಡೆಯಿಂದ ಬಂದಳು. ಮುಖ ಕೆಂಪೇರಿತ್ತು, ಹಣೆ ತುಂಬ ಬೆವರು. ಬೆಂಚಿನ ಹತ್ತಿರ ನಿಲ್ಲಲೂ ಇಲ್ಲ.

"ಇನ್ನೊಂದು ಸುತ್ತು ಹೋಗಿಬರ್ತೀನಿ. ಹಸಿವಾದ್ರೆ ಮನೆಗೆ ಹೋಗಿ ನೀವೇ ಏನಾದ್ರೂ ಬಿಸಿ ಮಾಡ್ಕೊಂಡು ತಿನ್ನಿ, ಪಾತ್ರೆ ಸೀದುಹೋದ್ರೆ ನೀವೇ ಉಜ್ಜಿ, ನಾನು ಉಜ್ಜಲ್ಲ."

ಅಷ್ಟುದ್ದದ ಮಾತನ್ನು ಆಕೆ ನಡುವೆ ಎಲ್ಲೂ ಏದುಸಿರು ಬಿಡದೆ ಆಡಿ ಮುಗಿಸಿದ್ದಳು. ಇವಳು ನನ್ನನ್ನು ಇನ್ನೂ ಬಹಳ ವರ್ಷ ಬೈಯುತ್ತಾಳೆ ಅಂತ ಖಾತ್ರಿಯಾಗಿ ಮೇಷ್ಟ್ರು ಕಣ್ಣೊರೆಸಿಕೊಂಡರು.