ಬಡಬಡನ ಬಾಯಿ

ಗಂಟಲಿನ ಡಾಕ್ಟರು ನನ್ನ ಬಾಯಿಗೆ ಬೀಗ ಹಾಕಿದ ದಿನ ನನ್ನ ಗಂಡನ ಮುಖದಲ್ಲಿ ಕಂಡ ನೆಮ್ಮದಿಯನ್ನು ನಾನಿನ್ನೂ ಮರೆತಿಲ್ಲ. ಧ್ವನಿತಂತುವಿನ ಮೇಲಿದ್ದ ಗಂಟನ್ನು ತೆಗೆದಾಗಿತ್ತು. ಕೆಲವು ವಾರ ಮಾತಾಡಕೂಡದು, ಪಿಸುಗುಟ್ಟಲೂ ಕೂಡದು, ಪಿಸುಗುಟ್ಟಿದರೂ ಗಂಟಲಿಗೆ ಪೆಟ್ಟೇ ಎಂದು ಡಾಕ್ಟರು ಹೇಳುತ್ತಿದ್ದರೆ ಇವರು ಪಕ್ಕದಲ್ಲಿ ನಿಂತು ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ಮದ್ವೆ ಆದಾಗಿಂದ ಒಂದು ಮಾತು ಪೂರ್ತಿ ಆಡಿ ಮುಗಿಸ್ಬೇಕು ಅಂತ ಕಾಯ್ತಾ ಇದ್ದೆ ಕಣೆ," ಎಂದರು. ಆಮೇಲೆ ಏನು ಆಡಬೇಕೆಂದು ತೋಚದೆ ಸುಮ್ಮನೆ ಕೂತರು.

ಇವರು ಕರೆಂಟಿನ ಮೀಟರ್ ಓದುವವರು. ಬೆಳಗ್ಗೆಯೆಲ್ಲ ಮೆಟ್ಟಿಲು ಹತ್ತಿ ಇಳಿದು, ಮಧ್ಯಾಹ್ನ ಮನೆಗೆ ಬಂದು, ಬಕೆಟ್ಟಿನ ಬಿಸಿನೀರಿಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ನನ್ನ ಕೆಲಸ ಕೂತಲ್ಲೇ ಮಾಡುವಂಥದ್ದು, ಕಾರ್ಟೂನುಗಳಿಗೆ ಧ್ವನಿ ಕೊಡುವುದು. ಎಲ್ಲೋ ಯಾರೋ ಬರೆದ ಚಿತ್ರಗಳು ಬಾಯಿ ಆಡಿಸುತ್ತವೆ. ಆ ಬಾಯಿಗೆ ನಮ್ಮ ಭಾಷೆಯನ್ನು ತುರುಕುವವಳು ನಾನು. ಅದರಲ್ಲಿ ನನಗೆ ಅನ್ನ ಹಾಕಿದ್ದು ಒಂದು ಅಳಿಲು. ಗೂಡ್ಸ್ ರೈಲಿನ ಕೊನೆಯ ಡಬ್ಬಿಯಲ್ಲಿ ಒಂದು ಕರಡಿ ಗಾರ್ಡ್ ಕೆಲಸ ಮಾಡುತ್ತದೆ, ಅದರ ಜೊತೆಗೆ ಈ ಅಳಿಲು. ಹೆಸರು ಬಡಬಡ. ಹೆಸರಿಗೆ ತಕ್ಕಂತೆ ಒಂದು ನಿಮಿಷವೂ ಬಾಯಿ ಮುಚ್ಚುವ ಪೈಕಿಯಲ್ಲ. ಸೀಟಿ ಊದಿದಂಥ ಧ್ವನಿ ಮಾಡಿಕೊಂಡು ನಾನು ಅದಕ್ಕಾಗಿ ವರ್ಷಗಟ್ಟಲೆ ಕಿರುಚಿದ್ದೇನೆ. ಗಂಟಲಿಗೆ ಗಂಟು ಬಂದದ್ದೂ ಅದರಿಂದಲೇ. ಕರಡಿಗೆ ಧ್ವನಿ ಕೊಡುತ್ತಿದ್ದ ಪುಣ್ಯಾತ್ಮ ಬಂದು, ಟೀ ಕುಡಿದು, ನಾಲ್ಕು ಸಲ "ಹ್ಞೂಂ" ಅಂದು ಮನೆಗೆ ಹೋಗುತ್ತಿದ್ದ.

ಮಾತಿಲ್ಲದ ಆ ದಿನಗಳಲ್ಲಿ ಹೊತ್ತು ಹೋಗದೆ ಫೋನಿನಲ್ಲಿ ಬಡಬಡನ ಹೆಸರು ಹುಡುಕಿದೆ. ಆಗ ಸಿಕ್ಕಿದ್ದು ಆ ಗ್ರೂಪು. ಅಲ್ಲಿ ಜನ ತಮಗಿಷ್ಟವಾದ ಕಾರ್ಟೂನನ್ನು ತುಂಡು ತುಂಡು ಮಾಡಿ, ಅದರ ಮಾತನ್ನೆಲ್ಲ ತೆಗೆದು ಬಿಸಾಡಿ, ಆ ತುಂಡುಗಳನ್ನು ಯಾವುದೋ ಹಾಡಿಗೆ ಹೊಂದಿಸಿ ವೀಡಿಯೊ ಮಾಡುತ್ತಾರೆ. ಒಬ್ಬರು ಹಾಕಿದ್ದನ್ನು ಉಳಿದವರು ನೋಡಿ ಜಗ್ಗಾಡುತ್ತಾರೆ: ಚಿತ್ರ ಬದಲಾಗುವ ಈ ಕಟ್ ತಾಳಕ್ಕೆ ಸರಿಯಾಗಿ ಬಿತ್ತೋ ಇಲ್ಲವೋ, ಹಾಡು ಅಳುವಾಗ ಚಿತ್ರ ಯಾಕೆ ನಗುತ್ತಿದೆ, ಹೀಗೆ. ಯಾರಿಗೂ ಇದರಿಂದ ಕಾಸು ಹುಟ್ಟುವುದಿಲ್ಲ. ಆದರೂ ಸ್ವಂತ ಮನೆ ಕಟ್ಟುವಾಗಲೂ ಇಷ್ಟು ತಲೆ ಕೆಡಿಸಿಕೊಂಡಿರಲಾರರು.

ಬಾಯಿ ಕಟ್ಟಿದ್ದರೇನು, ಬೆರಳು ಕಟ್ಟಿರಲಿಲ್ಲವಲ್ಲ. ಒಬ್ಬನ ವೀಡಿಯೊದ ಕೆಳಗೆ, "ನಿಮ್ಮ ಕಟ್ ತಾಳಕ್ಕಿಂತ ಮುಂಚೆ ಬೀಳ್ತಿದೆ, ಬಸ್ ಹತ್ತೋಕೆ ಓಡೋರ ಹಾಗೆ," ಎಂದು ಬರೆದೆ. ಬೈಯುತ್ತಾರೆ ಅಂದುಕೊಂಡರೆ ಅವನು ಅದನ್ನು ತಿದ್ದಿ ಮತ್ತೆ ಹಾಕಿದ. ಬದುಕೆಲ್ಲ ಪರದೆಯ ಮೇಲಿನ ಬಾಯಿಗಳನ್ನೇ ದಿಟ್ಟಿಸಿದವಳ ಕಣ್ಣು ಅದು, ಸುಮ್ಮನಿರುತ್ತದೆಯೇ? ಸ್ವಲ್ಪ ದಿನದಲ್ಲೇ ಅಲ್ಲಿ ನನಗೆ ಗೊಣಗಜ್ಜಿ ಎಂಬ ಹೆಸರು ಬಿತ್ತು. ನಾನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಬಡಬಡನಿಗೆ ಧ್ವನಿ ಕೊಟ್ಟವಳು ನಾನೇ ಎಂದು ಮಾತ್ರ ಯಾರಿಗೂ ಹೇಳಲಿಲ್ಲ.

ಹೇಳದಿರುವುದಕ್ಕೆ ಕಾರಣವಿತ್ತು. ಆ ಗ್ರೂಪಿನಲ್ಲಿ ಬಡಬಡನನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಅಲ್ಲಿಯ ಮೊದಲ ಕಟ್ಟಳೆ, ಬಾಯಿ ಆಡುವ ಶಾಟ್ ಹಾಕಬಾರದು ಎಂಬುದು. ಮಾತು ತೆಗೆದ ಮೇಲೆ ಬಾಯಿ ಮಾತ್ರ ಪಟಪಟ ಅನ್ನುತ್ತಿದ್ದರೆ, ಹಿಂದೆ ಹಾಡು ಬೇರೆ ಏನೋ ಹೇಳುತ್ತಿದ್ದರೆ, ನೋಡುವವರಿಗೆ ಕಿರಿಕಿರಿ. ಅದಕ್ಕೇ ಬೆನ್ನು ತಿರುಗಿಸಿದ ಶಾಟು, ಕಿಟಕಿಯಾಚೆ ನೋಡುವ ಶಾಟು, ಬಾಯಿ ಮುಚ್ಚಿದ ಶಾಟುಗಳಿಗೇ ಬೆಲೆ. ಹಾಗಾಗಿ ಎಲ್ಲ ಹಾಡಿಗೂ ಕರಡಿಯೇ ನಾಯಕ. ವಿರಹದ ಹಾಡಿಗೂ ಕರಡಿ, ಯುದ್ಧದ ಹಾಡಿಗೂ ಕರಡಿ. ತಾಳಪ್ಪ ಎಂದು ಕರೆಯಿಸಿಕೊಳ್ಳುವ ಒಬ್ಬ ಹಳಬ ಅಲ್ಲಿ ಎಲ್ಲರಿಗೂ ಪಾಠ ಹೇಳುತ್ತಿದ್ದ. "ಆ ಬಾಯಿಬಡುಕನ್ನ ಫ್ರೇಮಿಂದ ಆಚೆ ಕತ್ತರಿಸಿ ಹಾಕಿ, ವೀಡಿಯೊ ತಾನಾಗೇ ಚೆನ್ನಾಗಾಗುತ್ತೆ," ಎಂದು ಅವನು ಬರೆದಾಗ ನಾನೂ ಖಾರವಾಗಿ ನಾಲ್ಕು ಸಾಲು ಬರೆದೆ. ಆಮೇಲೆ ಕಳಿಸದೆ ಅದನ್ನು ಅಳಿಸಿ, ಇವರ ಬಕೆಟ್ಟಿಗೆ ಬಿಸಿನೀರು ತುಂಬಲು ಹೋದೆ.

ಮಾತಾಡದೆ ಇರಬೇಕಾದ ವಾರಗಳು ಮುಗಿದವು. ಇನ್ನು ಸ್ವಲ್ಪ ಸ್ವಲ್ಪ ಮಾತಾಡಿ ಎಂದರು ಡಾಕ್ಟರು. ಬಾಯಿ ತೆಗೆದೆ. ನೆಲಕ್ಕೆ ಉಜ್ಜಿಕೊಂಡು ತೆರೆಯುವ ಬಾಗಿಲಿನ ಸದ್ದು ಬಂತು. ದಿನ ಕಳೆದರೂ ಅದೇ ಸದ್ದು. "ಇಷ್ಟೇ ಇರಬಹುದು, ಒಗ್ಗಿಸಿಕೊಳ್ಳಿ," ಎಂದರು ಅವರು. ನಾನು ಬಚ್ಚಲಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಬಡಬಡನ ನಗುವನ್ನು ನಗಲು ನೋಡಿದೆ. ಆ ನಗು ನನಗೆ ನಿದ್ದೆಗಣ್ಣಲ್ಲೂ ಬರುತ್ತಿತ್ತು. ಈಗ ಕೆಮ್ಮು ಬಂತು. ಹೊರಗೆ ಇವರು ಅಡುಗೆಮನೆಯ ನಲ್ಲಿಯನ್ನು ಜೋರಾಗಿ ಬಿಟ್ಟರು, ತಮಗೇನೂ ಕೇಳಿಸಲಿಲ್ಲ ಎಂದು ನನಗೆ ತಿಳಿಯಲಿ ಅಂತ. ಅದನ್ನು ನೆನೆದರೆ ಈಗಲೂ ಅಳು ಬರುತ್ತದೆ.

ಅತ್ತ ಡಬ್ಬಿಂಗ್ ನಿರ್ದೇಶಕ ಕಾಯುತ್ತಿದ್ದ. ನನಗಿಂತ ಚಿಕ್ಕವನು, ನನ್ನನ್ನು ಅಕ್ಕ ಅನ್ನುತ್ತಾನೆ, ಇವರನ್ನು ಭಾವ ಅನ್ನುತ್ತಾನೆ. ಬಡಬಡನ ಹೊಸ ಕಂತುಗಳು ಬಂದು ಕೂತಿದ್ದವು. ದಿನಾ ಬೆಳಗ್ಗೆ ಮೆಸೇಜು: "ಅಕ್ಕ, ಗಂಟಲು ಹೇಗಿದೆ?" ನನ್ನ ಉತ್ತರವೂ ದಿನಾ ಒಂದೇ: "ಸುಧಾರಿಸ್ತಿದೆ. ಇನ್ನೊಂದು ವಾರ." ಅವನು ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಧ್ವನಿಗೆ ವಿಶ್ರಾಂತಿ ಕೊಡುತ್ತಿದ್ದೇನೆ ಎಂದು ಬರೆದು ಕಳಿಸುತ್ತಿದ್ದೆ. ಕೊನೆಗೆ ಅವನು ಬರೆದ: "ಚಾನೆಲ್‌ನೋರು ತಲೆ ತಿಂತಿದಾರೆ ಅಕ್ಕ. ಒಂದು ಹುಡುಗಿ ಟ್ರಯಲ್ ಕೊಟ್ಟಿದಾಳೆ, ಕಳಿಸಿದೀನಿ, ಕೇಳಿ. ನೀವು ಬರ್ತೀನಿ ಅಂದ್ರೆ ಎಷ್ಟು ದಿನ ಆದ್ರೂ ತಡೀತೀನಿ. ಇಲ್ಲ ಅಂದ್ರೆ ಇಲ್ಲ ಅಂತ ನಿಮ್ಮ ಬಾಯಲ್ಲೇ ಹೇಳ್ಬೇಕು."

ಆ ಟ್ರಯಲನ್ನು ನಾನು ತೆರೆಯಲಿಲ್ಲ. ಬಡಬಡನನ್ನು ಬಿಟ್ಟುಕೊಟ್ಟರೆ ನಾನು ಯಾರು? ಮೀಟರ್ ಓದುವವರ ಹೆಂಡತಿ, ಗಂಟಲು ಕೆಟ್ಟವಳು. ನನಗೆ ಭಯವಾಗಿತ್ತು, ಅಷ್ಟೇ. ಭಯಪಟ್ಟು ಪಟ್ಟು ಸುಸ್ತೂ ಆಗಿತ್ತು.

ಅಂಥ ಒಂದು ಮಧ್ಯಾಹ್ನ ಗ್ರೂಪಿನಲ್ಲಿ 'ಕಿಟಕಿ' ಎಂಬ ಹೆಸರಿನ ಹೊಸಬನೊಬ್ಬ ವೀಡಿಯೊ ಹಾಕಿದ. ಹೆಂಗಸೊಬ್ಬಳು ನಿಧಾನಕ್ಕೆ ಹಾಡುವ ಹಾಡು, ಸಾಲುಗಳ ನಡುವೆ ಉದ್ದುದ್ದ ಬಿಡುವು. ಅವಳು ಹಾಡುವಾಗ ರೈಲು, ಹಳಿ, ಕರಡಿಯ ಲಾಟೀನು. ಅವಳು ನಿಲ್ಲಿಸಿದಾಗಲೆಲ್ಲ ಬಡಬಡ. ಕರಡಿಯ ಭುಜ ಹತ್ತಿ ಕೂತು, ಅದರ ಕಿವಿಯ ಹತ್ತಿರ ಬಾಯಿ ಇಟ್ಟು, ಮಾತಾಡುವ ಬಡಬಡ. ಸದ್ದಿಲ್ಲ, ಬರೀ ಬಾಯಿ. ಕೊನೆಗೆ ಹಾಡು ಮುಗಿದೇ ಹೋಗುತ್ತದೆ. ಆದರೂ ವೀಡಿಯೊ ನಿಲ್ಲುವುದಿಲ್ಲ. ಪರದೆ ಕಪ್ಪಾಗುವ ತನಕ ಬಡಬಡ ಹೇಳುತ್ತಲೇ ಇರುತ್ತದೆ, ಕರಡಿ ಕೇಳುತ್ತಲೇ ಇರುತ್ತದೆ.

ನಾನು ಹಿಡಿದಿದ್ದ ಲೋಟ ಕೆಳಗಿಟ್ಟೆ. ಆ ಬಾಯಿಯ ಒಂದೊಂದು ಆಟವೂ ನನಗೆ ಗೊತ್ತು. ಅಲ್ಲಿ ಯಾವ ಮಾತಿತ್ತು ಎಂದು ಗೊತ್ತು. ಆದರೆ ಆಗ ಅದು ಬಾಯಿ ಆಡಿಸಿದರೂ ಧ್ವನಿ ಬಾರದ ನನ್ನ ಹಾಗೇ ಕಂಡಿತು.

ಕಾಮೆಂಟುಗಳು ಸುರಿದವು. ತಾಳಪ್ಪ ಎಲ್ಲರಿಗಿಂತ ಮುಂದೆ. "ಇಲ್ಲಿ ಮೊದಲನೇ ರೂಲೇ ಗೊತ್ತಿಲ್ವಾ? ಬಾಯಿ ಆಡೋ ಶಾಟೇ ಹುಡುಕಿ ಹುಡುಕಿ ಹಾಕಿದೀಯಲ್ಲ ಮಾರಾಯ! ಇರು, ಗೊಣಗಜ್ಜಿ ಬರ್ಲಿ, ನಿನ್ನ ಗ್ರಹಚಾರ ಬಿಡಿಸ್ತಾಳೆ."

ಎಲ್ಲರೂ ನನಗಾಗಿ ಕಾಯುತ್ತಿದ್ದರು. ನಾನು ಬರೆದೆ: "ಇದು ಗೊತ್ತಿಲ್ದೆ ಆದ ತಪ್ಪಲ್ಲ. ಬೇಕು ಅಂತಲೇ ಮಾಡಿರೋದು. ಯಾಕಪ್ಪಾ ಹೀಗೆ ಮಾಡಿದೆ, ನೀನೇ ಹೇಳು."

ಕಿಟಕಿಯ ಉತ್ತರ ಉದ್ದವಾಗಿ ಬಂತು. "ನಮ್ಮದು ಒಂದೇ ರೂಮಿನ ಮನೆ ಅಜ್ಜಿ. ಅಮ್ಮ ನರ್ಸು, ಯಾವಾಗ್ಲೂ ನೈಟ್ ಡ್ಯೂಟಿ. ನಾನು ಸ್ಕೂಲಿಂದ ಬಂದಾಗ ಮಂಚದ ಮೇಲೆ ಮಲಗಿರೋಳು. ಟೀವಿ ಹಾಕ್ಬಹುದು, ಆದ್ರೆ ಸೌಂಡ್ ಪೂರ್ತಿ ಆಫ್. ಈ ಕಾರ್ಟೂನು ಬರ್ತಿದ್ದಿದ್ದು ಅದೇ ಹೊತ್ತಿಗೆ. ನಾನು ಎಲ್ಲಾ ಕಂತು ನೋಡಿದೀನಿ, ಒಂದು ಮಾತೂ ಕೇಳಿಲ್ಲ. ಬಡಬಡ ಕರಡಿ ಕಿವೀಲಿ ಪಿಸುಗುಡ್ತಾ ಇದೆ ಅಂದ್ಕೊಂಡಿದ್ದೆ. ಅವರ ಡಬ್ಬೀಲೂ ಯಾರೋ ಮಲಗಿರ್ಬೇಕು ಅಂತ. ಮನೇಲಿ ನನಗೆ ಮಾತಾಡೋಕೆ ಇದ್ದಿದ್ದು ಅದೊಂದೇ. ಅದಕ್ಕೇ ಅದನ್ನ ಹಾಗೇ ಇಟ್ಟೆ."

ಆಮೇಲೆ ಯಾರೋ ಬರೆದರು: "ಪಿಸುಗುಡೋದಾ? ಅದು ಕಿವಿ ತೂತು ಬೀಳೋ ಹಾಗೆ ಕಿರುಚುತ್ತೆ ಗುರೂ!"

"ನಿಜವಾಗ್ಲೂ?" ಎಂದ ಕಿಟಕಿ. "ಕಿರುಚುತ್ತಾ? ಈಗ ಹಾಕ್ಕೊಂಡು ಕೇಳ್ಲಾ? ಅಥವಾ ಬೇಡ್ವಾ? ಗೊಣಗಜ್ಜಿ, ನೀವು ಹೇಳಿ."

ಬೇಡ ಎಂದು ಬರೆಯಬಹುದಿತ್ತು. ಆದರೆ ನನಗೆ ಆಸೆ ಹುಟ್ಟಿತು. ಬಡಬಡನನ್ನು ಇಷ್ಟೊಂದು ಪ್ರೀತಿಸಿದವನು, ನನ್ನ ಧ್ವನಿಯನ್ನು ಇನ್ನೂ ಕೇಳದವನು, ಇಡೀ ಜಗತ್ತಿನಲ್ಲಿ ಇವನೊಬ್ಬನೇ ಉಳಿದಿದ್ದ. ಅವನು ಕೇಳಿ ಮೆಚ್ಚಿದರೆ, ಆ ಬಲದ ಮೇಲೆ ನಿರ್ದೇಶಕನಿಗೆ ಇನ್ನೂ ಒಂದು ತಿಂಗಳು ತಡೆ ಅನ್ನಬಹುದು, ಹೇಗಾದರೂ ಗಂಟಲನ್ನು ಪಳಗಿಸಬಹುದು ಎಂದೆಲ್ಲ ಲೆಕ್ಕ ಹಾಕಿದೆ. "ಕೇಳು. ಸೌಂಡ್ ಜೋರಾಗಿಟ್ಟುಕೊಂಡು ಕೇಳು," ಎಂದು ಬರೆದೆ.

ಉತ್ತರ ಬರುವ ತನಕ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಣಗಿದ ಬಟ್ಟೆ ಮಡಿಸಿದೆ, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದೆ. ಇವರು ಬಕೆಟ್ಟಿನಿಂದ ಒಂದು ಕಾಲು ಎತ್ತಿ ಒರೆಸಿಕೊಳ್ಳುತ್ತಾ, "ಏನೇ ಅದು, ಪರೀಕ್ಷೆ ರಿಸಲ್ಟಾ?" ಎಂದು ಕೇಳಿದರು.

ಮಾರನೇ ದಿನ ಉತ್ತರ ಬಂತು. "ಕೇಳಿದೆ ಅಜ್ಜಿ. ತುಂಬಾ ಚೆನ್ನಾಗಿದೆ. ಯಾರೋ ಪಾಪ ಬಹಳ ಕಷ್ಟಪಟ್ಟು ಮಾಡಿದಾರೆ, ಗೊತ್ತಾಗುತ್ತೆ. ಆದ್ರೆ ಶುರುವಾದ ತಕ್ಷಣ, ಅಯ್ಯೋ, ಅಮ್ಮ ಎದ್ಬಿಡ್ತಾಳೆ ಅನ್ನಿಸ್ತು. ಅಮ್ಮ ಈಗ ನಮ್ಮ ಅಕ್ಕನ ಮನೇಲಿದಾಳೆ, ಬೇರೆ ಊರಲ್ಲಿ. ಆದ್ರೂ ಕೈ ತಾನಾಗೇ ಹೋಗಿ ಸೌಂಡ್ ಆಫ್ ಮಾಡ್ಬಿಡ್ತು. ಆಮೇಲೆ ಉಳಿದಿದ್ದನ್ನ ಹಾಗೇ ನೋಡಿದೆ. ಸಾರಿ."

ಅದನ್ನು ಓದಿ ಮೊದಲು ಕೋಪ ಬಂತು. ಆಫ್ ಮಾಡಿದನಂತೆ! ನನ್ನ ಗಂಟಲು, ನನ್ನ ಇಷ್ಟು ವರ್ಷಗಳು! ಆಮೇಲೆ ಮತ್ತೆ ಓದಿದೆ. ಮಲಗಿದ ತಾಯಿಯ ಪಕ್ಕದಲ್ಲಿ ಸದ್ದು ಮಾಡದೆ ಕೂತ ಒಂದು ಮಗು, ಪರದೆಯ ಮೇಲೆ ಅದಕ್ಕಾಗಿ ಬಾಯಿ ಆಡಿಸುತ್ತಿದ್ದ ಅಳಿಲು. ಅಲ್ಲಿ ನಾನು ಇರಲೇ ಇಲ್ಲ. ನಾನಿಲ್ಲದೆಯೂ ಬಡಬಡ ಆ ಮನೆಯಲ್ಲಿ ಚೆನ್ನಾಗಿಯೇ ಬದುಕಿತ್ತು. ನನಗೆ ನಗು ಬಂತು. ಒರಟು ನಗು, ಕೆಮ್ಮಿನಂಥದ್ದು. ಈ ಸಲ ಇವರು ನಲ್ಲಿ ಬಿಡಲಿಲ್ಲ, ನನ್ನನ್ನೇ ನೋಡುತ್ತಾ ಕೂತರು.

ಆ ಹುಡುಗಿಯ ಟ್ರಯಲನ್ನು ತೆರೆದೆ. ಚೆನ್ನಾಗಿ ಮಾಡಿದ್ದಳು. ನನ್ನನ್ನೇ ಕೇಳಿ ಕಲಿತವಳು, ಅದೇ ಸೀಟಿ, ಅದೇ ಏರು. ಎತ್ತರದ ಜಾಗದಲ್ಲಿ ಗಂಟಲು ಹಿಂಡಿ ಕಿರುಚುತ್ತಿದ್ದಳು. ಆ ಹಿಂಡುವಿಕೆ ಎಲ್ಲಿಗೆ ಕರೆದೊಯ್ಯುತ್ತದೆಂದು ನನಗೆ ಚೆನ್ನಾಗಿ ಗೊತ್ತು.

ಮೆಸೇಜು ಬರೆಯಲಿಲ್ಲ. ಬಾಯಲ್ಲೇ ಹೇಳಬೇಕು ಅಂದಿದ್ದನಲ್ಲ, ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದ.

"ಹಲೋ," ಎಂದೆ. "ನಿನ್ ಹತ್ರ ಮಾತಾಡ್ಬೇಕಿತ್ತು."

"ನಮಸ್ಕಾರ ಭಾವ, ಚೆನ್ನಾಗಿದೀರಾ?" ಎಂದ ಅವನು ಉತ್ಸಾಹದಿಂದ. "ಅಕ್ಕ ಇದಾರಾ? ಸ್ವಲ್ಪ ಫೋನ್ ಕೊಡಿ ಭಾವ."

ಭಾವ ಎದುರಿಗೇ ಕೂತಿದ್ದರು, ಕಾಲು ನೀರಿನಲ್ಲಿತ್ತು. ಫೋನಿನ ಮಾತು ಅವರಿಗೂ ಕೇಳಿಸಿತ್ತು. ಅವರು ತಲೆ ತಗ್ಗಿಸಿದರು.

"ಅಕ್ಕನೇ ಕಣೋ ಮಾತಾಡ್ತಿರೋದು," ಎಂದೆ.

ನನ್ನ ಧ್ವನಿಯನ್ನು ಒಂದೊಂದು ಅಕ್ಷರವಾಗಿ ಎತ್ತಿಳಿಸಿ, ಸಾವಿರ ಸಲ ಹಿಂದೆ ಮುಂದೆ ಓಡಿಸಿ ಕೇಳಿದ್ದ ಕಿವಿ ಅವನದು.

"ಬಡಬಡನ್ನ ಆ ಹುಡುಗಿಗೇ ಕೊಟ್ಬಿಡು," ಎಂದೆ. "ಚೆನ್ನಾಗಿ ಮಾಡ್ತಾಳೆ."

"ಅಕ್ಕಾ..." ಎಂದ. ಮೂಗು ಏರಿಸಿದ ಸದ್ದು ಕೇಳಿಸಿತು.

"ಅಳ್ಬೇಡ ಸುಮ್ನಿರು. ಅವಳಿಗೆ ಒಂದು ಮಾತು ಹೇಳು. ಅಷ್ಟು ಜೋರು ಬೇಡ ಅಂತ ಹೇಳು. ಪಕ್ಕದಲ್ಲಿ ಯಾರಾದ್ರೂ ಮಲಗಿರ್ತಾರೆ."